ಒಂದು ಹಿಡಿ ಕೆಸರು ತರಲು ಹೋದದ್ದು

ತಾವರೆಕೆರೆ

ಜಪಾನಿಗೆ ಹೋಗಿ ಬಂದ ಮೇಲೆ ತಾವರೆಕೆರೆಯ ಟೀ ಅಂಗಡಿಯಲ್ಲಿ ನಾನು ಕುಳಿತರೆ ಸಾಕು, ಯಾರಾದರೊಬ್ಬರು ಶುರು ಮಾಡುತ್ತಾರೆ.

"ಅಲ್ಲಿ ರೈಲು ನೆಲ ಮುಟ್ಟದಂಗೆ ಓಡ್ತದಂತೆ, ದಿಟವಾ?"

"ಹಾವು ತಿಂತಾರಂತೆ?"

ಒಂದೆರಡು ಮಾತು ಹೇಳಿ, ಟೀ ಕುಡಿದು ಎದ್ದು ಬರುತ್ತೇನೆ. ಅವರು ಕೇಳುವುದರಲ್ಲಿ ತಪ್ಪಿಲ್ಲ. ದನದ ಆಸ್ಪತ್ರೆಯಲ್ಲಿ ಕುರಿಗೆ ಔಷಧಿ ಕುಡಿಸುವ ಅಟೆಂಡರ್ ಒಬ್ಬ ಕಡಲು ದಾಟಿ ಬಂದದ್ದು ನಮ್ಮ ಹೋಬಳಿಗೆ ಸಣ್ಣ ಸುದ್ದಿಯಲ್ಲ. ಆದರೆ ನಾನು ದೇಶ ನೋಡಲು ಹೋಗಿರಲಿಲ್ಲ. ನನ್ನ ತಮ್ಮನ ಮೇಲಿನ ಒಂದು ಹಿಡಿ ಮಣ್ಣು ತರಲು ಹೋಗಿದ್ದೆ. ಟೀ ಅಂಗಡಿಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತಮ್ಮನ ಹೆಸರು ಜುಂಜಣ್ಣ. ನಮ್ಮದು ತಾವರೆಕೆರೆ ಪಕ್ಕದ ಹಟ್ಟಿಯ ಕುರಿ ಕಾಯುವ ಮನೆತನ. ಅವನು ತುಮಕೂರಿನಲ್ಲಿ ಐಟಿಐ ಮುಗಿಸಿ ಫಿಟ್ಟರ್ ಆದ, ಬೊಂಬಾಯಿಗೆ ಹೋಗಿ ಒಂದು ಸರಕು ಹಡಗಿನಲ್ಲಿ ಕೆಲಸಕ್ಕೆ ಸೇರಿದ. ರಜಕ್ಕೆ ಬಂದಾಗ, "ಅಲ್ಲೂ ಕುರಿ ಕಾದಂಗೇ ಕಣಣ್ಣ. ಯಾವ ಯಂತ್ರ ಕೆಮ್ತದೆ, ಯಾವುದು ಕುಂಟ್ತದೆ ಅಂತ ಕಿವಿ ಕೊಟ್ಕಂಡು ಕೂತಿರೋದು" ಎಂದು ನಗುತ್ತಿದ್ದ. ಕೊರಟಗೆರೆ ಕಡೆ ಒಂದು ಹೆಣ್ಣು ನೋಡಿಟ್ಟಿದ್ದೆವು. ಆ ಬೇಸಿಗೆಯಲ್ಲಿ ತಂತಿ ಬಂತು. ಜಪಾನಿನ ತೀರದಲ್ಲಿ ಜುಂಜಣ್ಣ ಸತ್ತಿದ್ದಾನೆ.

ಆಗ ನಮ್ಮವರು ಒಂದು ತಪ್ಪು ಮಾಡಿದರು. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಹೂಳುವ ಗುಂಡಿಗೆ ಗುದ್ದು ಅನ್ನುತ್ತೇವೆ. ಹೆಣವನ್ನು ಕಂಬಳಿಯಲ್ಲಿ ಸುತ್ತಿ ಇಳಿಸುತ್ತೇವೆ, ಸಂಬಂಧಿಕರೆಲ್ಲ ಹಿಡಿ ಹಿಡಿ ಮಣ್ಣು ಹಾಕುತ್ತೇವೆ, ಆಮೇಲೆ ಗುದ್ದಿನ ಮೇಲೆ ಹಾಲು ತುಪ್ಪ ಬಿಡುತ್ತೇವೆ. ಹಾಲು ತುಪ್ಪ ಬಿಟ್ಟ ಮೇಲೇ ಸತ್ತವರು ಸತ್ತ ಹಾಗೆ, ಉಳಿದವರು ಉಳಿದ ಹಾಗೆ. ಹೆಣ ಬಾಗಿಲಿಗೆ ಬರುವ ಮುಂಚೆ ಗುದ್ದು ತೆಗೆಯುವ ಪದ್ಧತಿ ಇಲ್ಲ. ದೊಡ್ಡಪ್ಪ ಕೇಳಲಿಲ್ಲ.

"ಬೊಂಬಾಯಿಂದ ಬರೋ ಹೊತ್ಗೆ ಹೆಣ ಕೆಟ್ಟಿರ್ತದೆ ಕಣ್ಲಾ. ಈ ಬಿಸ್ಲಿಗೆ ನೆಲ ಕಲ್ಲಾಗದೆ. ಹೆಣ ಮುಂದಿಟ್ಕಂಡು ಹಾರೆ ಹಾಕಾಕಾಯ್ತದಾ? ಈಗ್ಲೇ ತೆಗೀರಿ."

ಅಪ್ಪನ ಗುದ್ದಿನ ಪಕ್ಕದಲ್ಲೇ ತೆಗೆದರು. ಆಮೇಲೆ ಎರಡನೆಯ ತಂತಿ ಬಂತು. ಹೆಣ ಸಿಕ್ಕಿಲ್ಲ, ಹುಡುಕುವುದನ್ನು ನಿಲ್ಲಿಸಿದ್ದಾರೆ.

ತೆಗೆದ ಗುದ್ದನ್ನು ಖಾಲಿ ಮುಚ್ಚಬಾರದು. ಬಾಯಿ ತೆರೆದು ಬಿಡಲೂ ಬಾರದು. ಅವ್ವ ಬಂದರೆ ಗಿಡದ ಸೊಪ್ಪು ಮುರಿದು ತಂದು ಅದರ ಮೇಲೆ ಹರಡಿದಳು, ಆಡು ಕುರಿ ಬೀಳದಿರಲಿ ಎಂದು ಸುತ್ತ ಜಾಲಿ ಮುಳ್ಳು ಹಾಕಿದಳು. ದಿನಾ ಬೆಳಿಗ್ಗೆ ಒಣಗಿದ ಸೊಪ್ಪು ತೆಗೆದು ಹಸಿ ಸೊಪ್ಪು ಹಾಕುವುದು ಅವಳ ಕೆಲಸವಾಯಿತು. ಅವ್ವ ಪಾವಗಡದ ಕಡೆಯವಳು. ಸಂಕಟ ಬಂದರೆ ಅವಳ ಬಾಯಿಗೆ ತೆಲುಗು ಬರುತ್ತದೆ. ಸೊಪ್ಪು ಹರಡುತ್ತಾ "ನಾ ಕೊಡುಕಾ, ನಾ ಕೊಡುಕಾ" ಎಂದು ಮಗನನ್ನು ಕರೆಯುತ್ತಿದ್ದಳು. ಅಳುತ್ತಿರಲಿಲ್ಲ.

ಇಷ್ಟರಲ್ಲಿ ಹಡಗಿನ ಕಂಪನಿಯವರಿಂದ ಕಾಗದ ಬಂತು. ಬಂದರಿನಲ್ಲಿ ವಿಚಾರಣೆ ಇದೆ, ಮನೆಯವರೊಬ್ಬರು ಬರುವುದಾದರೆ ತಾವೇ ಕರೆದುಕೊಂಡು ಹೋಗುತ್ತೇವೆ ಎಂದಿದ್ದರು. ನಾನು ಹೋಗಿ ಮಾಡುವುದೇನು ಎಂದುಕೊಂಡಿದ್ದೆ. ಅವ್ವ ಬಿಡಲಿಲ್ಲ.

"ಹೋಗ್ಲಾ ಚಿತ್ತಯ್ಯ. ಅವನು ಸಿಗ್ದಿದ್ರೆ ಬ್ಯಾಡ. ಅವನ ಮ್ಯಾಲೆ ಮಣ್ಣು ಐತಲ್ಲ, ಅದನ್ನ ಒಂದು ಹಿಡಿ ತತ್ತಾ. ಕಂಬ್ಳೀಲಿ ಸುತ್ತಿ ಇಳಿಸಿ ಗುದ್ದು ಮುಚ್ಚನ."

"ಅವ್ವ, ಅದು ನೀರು ಕಣವ್ವ. ಕಡಲು."

"ಕಡಲಾದ್ರೇನ್ಲಾ? ಕೆರೆ ನೀರಿನ ಕೆಳಗೆ ಮಣ್ಣಿರಲ್ವಾ?"

ಜುಂಜಣ್ಣನ ಕಂಬಳಿ ತಂದು ನನ್ನ ಕೈಗಿಟ್ಟಳು.

ಬೊಂಬಾಯಿ

ಪಾಸ್‌ಪೋರ್ಟಿಗೆ ಮಧುಗಿರಿಯ ಕಚೇರಿಗಳನ್ನು ಹತ್ತಿ ಇಳಿದದ್ದನ್ನು ಬರೆಯುವುದಿಲ್ಲ. ಅದನ್ನು ಮಾಡಿದವರಿಗೆ ಹೇಳಬೇಕಾಗಿಲ್ಲ, ಮಾಡದವರಿಗೆ ಹೇಳಿದರೂ ತಿಳಿಯುವುದಿಲ್ಲ.

ಬೊಂಬಾಯಿಯಲ್ಲಿ ಕಂಪನಿಯ ಕಡೆಯಿಂದ ನನ್ನನ್ನು ಕರೆದುಕೊಂಡು ಹೋಗಲು ಬಂದವರು ಮಂಗಳೂರಿನ ಶೆಟ್ಟರು. ದಪ್ಪ ಮೀಸೆ, ಮೆಲ್ಲಗಿನ ಮಾತು. ಮೊದಲ ದಿನವೇ ನನ್ನನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋದರು.

"ನೀವು ಮೊದಲು ಕಡಲು ನೋಡಿದ್ದುಂಟಾ?"

"ಇಲ್ಲ ಸ್ವಾಮಿ."

"ಎಂತ ಮಾರಾಯ್ರೆ! ಕಡಲು ಹೇಗಿದೆ ಅಂತಲೇ ಗೊತ್ತಿಲ್ಲದೆ ತಮ್ಮನನ್ನು ಹೇಗೆ ಕಳಿಸಿದ್ರಿ?"

ಹೇಳಿದ ಮೇಲೆ ಅವರ ಮುಖ ಸಣ್ಣದಾಯಿತು. ಕಡಲೆಕಾಯಿ ಕೊಡಿಸಿದರು. ನಾನು ತಿನ್ನುತ್ತಾ ನೀರು ನೋಡಿದೆ. ಮಧುಗಿರಿ ಬೆಟ್ಟದ ನೆತ್ತಿಯ ಮೇಲೆ ನಿಂತಾಗ ಕೆಳಗಿನ ಬಯಲು ಹೀಗೇ ಕೊನೆಯಿಲ್ಲದೆ ಕಾಣುತ್ತದೆ. ಆದರೆ ಬಯಲು ಸುಮ್ಮನಿರುತ್ತದೆ. ಇದು ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಇದರೊಳಗೆ ಒಬ್ಬ ಮನುಷ್ಯನನ್ನು ಹುಡುಕಿದೆವು ಎಂದು ಅವರು ತಂತಿಯಲ್ಲಿ ಬರೆದದ್ದೇ ದೊಡ್ಡದು ಅನ್ನಿಸಿತು.

ವಿಮಾನ ಇಳಿದ ಊರು

ವಿಮಾನದಲ್ಲಿ ಕೊಟ್ಟದ್ದನ್ನು ನಾನು ತಿನ್ನಲಿಲ್ಲ. ಅವ್ವ ರಾಗಿ ಹುರಿಹಿಟ್ಟು ಕಟ್ಟಿಕೊಟ್ಟಿದ್ದಳು. ಜಪಾನಿನಲ್ಲಿ ಇಳಿದಾಗ ತಪಾಸಣೆಯವನು ಆ ಗಂಟು ಬಿಚ್ಚಿಸಿದ. ಬಿಳಿ ಕೈಗವಸು ಹಾಕಿಕೊಂಡು ಹಿಟ್ಟನ್ನು ಕಾಗದದ ಮೇಲೆ ಹರಡಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಆ ಇನ್ನೊಬ್ಬ ಮತ್ತೊಬ್ಬನನ್ನು ಕರೆದ. ಶೆಟ್ಟರು ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಕೊನೆಗೆ ನಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಒಣ ಹಿಟ್ಟು ಗಂಟಲಿಗೆ ಹತ್ತಿ ಕೆಮ್ಮು ಬಂತು. ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು.

"ನಿಮ್ಮ ಹಿಟ್ಟಿನಿಂದ ನನ್ನನ್ನೂ ಜೈಲಿಗೆ ಹಾಕ್ತಾರೆ" ಎಂದರು ಶೆಟ್ಟರು.

ಒಬ್ಬ ನೀರು ತಂದು ಕೊಟ್ಟ. ಹಿಟ್ಟನ್ನು ಒಂದು ಕಣವೂ ಚೆಲ್ಲದ ಹಾಗೆ ಮತ್ತೆ ಗಂಟು ಕಟ್ಟಿ, ಬಗ್ಗಿ ನಮಸ್ಕರಿಸಿ ಎರಡೂ ಕೈಯಲ್ಲಿ ಕೊಟ್ಟರು. ನಮ್ಮಲ್ಲಿ ಸರ್ಕಾರದವರು ಗಂಟು ಬಿಚ್ಚಿದರೆ ಕಟ್ಟುವುದು ನಾವೇ.

ಕೊಲ್ಲಿಯ ಊರು

ರೈಲಿನಲ್ಲಿ ದಕ್ಷಿಣಕ್ಕೆ ಹೋದೆವು. ರೈಲು ನೆಲ ಮುಟ್ಟಿಕೊಂಡೇ ಓಡುತ್ತದೆ. ಆ ಊರಿನ ಹೆಸರನ್ನು ಬರೆಯುವುದಿಲ್ಲ. ನಾವು ಉಳಿದುಕೊಂಡ ಮನೆಯ ಯಜಮಾನಿ ಎಲ್ಲೂ ಹೇಳಬೇಡಿ ಎಂದು ಕೇಳಿಕೊಂಡಳು. ಊರಿನ ಹೆಸರು ಹೇಳಿದರೆ ಅಲ್ಲಿನ ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲವಂತೆ. ಅದು ಜಪಾನಿನಲ್ಲಿ ತಾನೇ, ನಮ್ಮ ಕಡೆ ಹೇಳಿದರೆ ಏನಾಯಿತು ಎಂದು ಶೆಟ್ಟರು ನಕ್ಕರು. ಅವಳು ನಗಲಿಲ್ಲ. ಮಾತು ಕೊಟ್ಟಿದ್ದೇನೆ.

ಅವ್ವನ ವಯಸ್ಸಿನ ಹೆಂಗಸು. ಬೆಳಿಗ್ಗೆ ಹಾಸಿಗೆ ಮಡಿಸಲು ಬಂದವಳು, ಅವಳು ಕೊಟ್ಟ ರಜಾಯಿ ಒಂದು ಮೂಲೆಯಲ್ಲಿ ಹಾಗೇ ಇರುವುದನ್ನೂ ನಾನು ಕಂಬಳಿ ಹಾಸಿ ಮಲಗಿರುವುದನ್ನೂ ಕಂಡು ಗಾಬರಿಯಾದಳು. ರಜಾಯಿ ಕೊಳೆಯಾಗಿದೆ ಎಂದು ನಾನು ಮುಟ್ಟಲಿಲ್ಲ ಎಂದುಕೊಂಡಳಂತೆ. ಓಡಿ ಹೋಗಿ ಬೇರೆಯದು ತಂದಳು. ಅದು ಜುಂಜಣ್ಣನ ಕಂಬಳಿ, ಮಣ್ಣು ಸುತ್ತಿ ಒಯ್ಯಲು ತಂದದ್ದು ಎಂದು ಹೇಳಲು ನನಗೆ ಅವಳ ಭಾಷೆ ಬರುತ್ತಿರಲಿಲ್ಲ. ಎದ್ದು ರಜಾಯಿ ಹೊದ್ದುಕೊಂಡು ತೋರಿಸಿದೆ. ಆಗ ಅವಳಿಗೆ ಸಮಾಧಾನವಾಯಿತು.

ಮಧ್ಯಾಹ್ನ ಊಟಕ್ಕೆ ಮೀನು ಬಂತು. ಶೆಟ್ಟರಿಗೆ ಖುಷಿ. "ಇಲ್ಲಿಯದೇ ಹಿಡಿದದ್ದಾ?" ಎಂದು ಕೈಸನ್ನೆಯಲ್ಲಿ ಕಿಟಕಿಯ ಹೊರಗಿನ ನೀರು ತೋರಿಸಿದರು. ಅವಳು ಬೆಚ್ಚಿಬಿದ್ದು ಎರಡೂ ಕೈ ಅಡ್ಡ ಆಡಿಸಿದಳು. ದೂರ, ದೂರ ಎಂದು ಬೆಟ್ಟದ ಕಡೆ ತೋರಿಸಿದಳು. ಕಡಲ ದಂಡೆಯ ಊರಿಗೆ ಮೀನು ಲಾರಿಯಲ್ಲಿ ಬರುತ್ತಿತ್ತು. ಕೊಲ್ಲಿಯ ಬಾಯಿಗೆ ಬಲೆ ಕಟ್ಟಿದ್ದರು. ಒಳಗಿನ ಮೀನು ಹೊರಗೆ ಹೋಗಬಾರದು ಎಂದು.

ಇದೆಲ್ಲ ಏನೆಂದು ಹೇಳಿದವರು ಬಂದರಿನ ಇಂಜಿನಿಯರು. ಕೊಲ್ಲಿಯ ತಳದ ಕೆಸರು ತೆಗೆಸುವುದು ಅವರ ಕೆಲಸ. ಸಂಜೆ ಆ ಮನೆಗೇ ಊಟಕ್ಕೆ ಬರುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಶೆಟ್ಟರು ನನಗೆ ಕನ್ನಡದಲ್ಲಿ ಹೇಳಿದರು.

ದಂಡೆಯ ಮೇಲೆ ಒಂದು ಕಾರ್ಖಾನೆ ಇತ್ತು. ಬಹಳ ವರ್ಷ ಅದರ ಕೊಳೆ ನೀರನ್ನು ಕೊಲ್ಲಿಗೆ ಬಿಟ್ಟರು. ಅದರಲ್ಲಿ ಪಾದರಸ ಇತ್ತು, ಅದು ತಳದ ಕೆಸರಿನಲ್ಲಿ ಕುಳಿತಿತು. ಕೆಸರಿನ ಹುಳ ತಿಂದ ಮೀನಿಗೆ ಬಂತು, ಮೀನು ತಿಂದ ಬೆಕ್ಕಿಗೆ ಬಂತು. ಬೆಕ್ಕುಗಳು ಹುಚ್ಚು ಹಿಡಿದು ಕುಣಿದು ನೀರಿಗೆ ಬಿದ್ದವು. ಆಮೇಲೆ ಮನುಷ್ಯರ ಕೈ ಕಾಲು ಸೊಟ್ಟಗಾದವು, ಕಣ್ಣು ಹೋಯಿತು, ಮಾತು ಹೋಯಿತು.

ಪಾದರಸ ನನಗೆ ಗೊತ್ತಿದ್ದ ವಸ್ತು. ಆಸ್ಪತ್ರೆಯಲ್ಲಿ ಕುರಿಯ ಜ್ವರ ನೋಡುವ ಕಡ್ಡಿ ಕೈಜಾರಿ ಒಡೆದರೆ ನೆಲದ ಮೇಲೆ ಬೆಳ್ಳಿಯ ಮಣಿಗಳು ಉರುಳಾಡುತ್ತವೆ. ನಾನೂ ಕಾಂಪೌಂಡರೂ ಕಾಗದದ ಚೂರಿನಲ್ಲಿ ಅವನ್ನು ಅಟ್ಟಿಸಿಕೊಂಡು ಹೋಗಿ ಒಟ್ಟು ಮಾಡಿ, ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಿದ್ದೆವು. ಚೆಂದ ಕಾಣುತ್ತಿತ್ತು.

"ಆ ಇಸ ಎಷ್ಟು ವರ್ಷಕ್ಕೆ ಇಳೀತದೆ ಕೇಳಿ ಸ್ವಾಮಿ" ಎಂದೆ ಶೆಟ್ಟರಿಗೆ. ನಮ್ಮ ಕಡೆ ವಿಷಕ್ಕೂ ಒಂದು ಕಾಲ ಇದೆ. ಎಳೆ ಜೋಳದ ಚಿಗುರು ಮೇಯ್ದ ಕುರಿ ಹೊಟ್ಟೆ ಉಬ್ಬರಿಸಿ ಸಾಯುತ್ತದೆ, ಅದೇ ಜೋಳ ಬೆಳೆದು ತೆನೆ ಬಿಟ್ಟ ಮೇಲೆ ಮೇಯಿಸಿದರೆ ಏನೂ ಆಗುವುದಿಲ್ಲ. ಹಾವಿನ ವಿಷ ಕೂಡ ಇಳಿಯುತ್ತದೆ.

ಇಂಜಿನಿಯರು ಊಟದ ಕಡ್ಡಿಗಳನ್ನು ಕೆಳಗಿಟ್ಟರು. ಶೆಟ್ಟರು ನನ್ನ ಮುಖ ನೋಡದೆ ಹೇಳಿದರು: "ಅದು ಲೋಹ ಅಂತೆ. ಮರ ಕೊಳೀತದೆ, ಮಾಂಸ ಕೊಳೀತದೆ. ಇದು ಕೊಳೆಯುವುದಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗ್ತದೆ, ಅಷ್ಟೆ. ಅದಕ್ಕೆ ಕೆಸರನ್ನೆಲ್ಲ ಪೈಪಿನಿಂದ ಹೀರಿ, ದಂಡೆಯಲ್ಲಿ ಕಬ್ಬಿಣದ ಗೋಡೆ ಕಟ್ಟಿ ಅದರೊಳಗೆ ತುಂಬಿಸಿ, ಮೇಲೆ ದಪ್ಪ ಹಾಳೆ ಹಾಸಿ, ಅದರ ಮೇಲೆ ಗುಡ್ಡದ ಮಣ್ಣು ಹಾಕಿ ಮುಚ್ಚುತ್ತಾರಂತೆ."

"ಹೂಳ್ತಾರೆ ಅನ್ನಿ."

"ಹೌದು. ಹೂಳುವುದೇ."

ಆ ಹೊತ್ತಿಗೆ ಒಳಕೋಣೆಯಿಂದ ಒಂದು ದನಿ ಬಂತು. ಮಗುವಿನದೂ ಅಲ್ಲ, ದೊಡ್ಡವರದೂ ಅಲ್ಲ. ಯಜಮಾನಿ ಎದ್ದು ಬಾಗಿಲು ಸರಿಸಿದಳು. ಚಾಪೆಯ ಮೇಲೆ ಒಬ್ಬಳು ಮಲಗಿದ್ದಳು. ತಲೆಗೂದಲು ಬಾಚಿ ರಿಬ್ಬನ್ ಕಟ್ಟಿತ್ತು. ಕೈಗಳು ಎದೆಯ ಹತ್ತಿರ ಒಣಗಿದ ಕೊಂಬೆಯ ಹಾಗೆ ಮುರುಟಿದ್ದವು. ಮದುವೆಯ ವಯಸ್ಸಿನ ಹುಡುಗಿ. ತಾಯಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಜಿ ಕುಡಿಸುತ್ತಾ ಬಹಳ ಹೊತ್ತು ಮಾತಾಡಿದಳು. ಅವಳ ಮಾತು ಇಂಜಿನಿಯರ ಬಾಯಿ ದಾಟಿ, ಶೆಟ್ಟರ ಬಾಯಿ ದಾಟಿ ನನಗೆ ಬರಬೇಕು. ಒಂದೊಂದು ಬಾಯಿಗೂ ಅದು ಸಣ್ಣದಾಗುತ್ತಿತ್ತು. ನನಗೆ ಸಿಕ್ಕಿದ್ದು ಇಷ್ಟು: "ಬಸುರಿಯಲ್ಲವಾ ಅಂತ ಅತ್ತೆ ಒಳ್ಳೆ ಒಳ್ಳೆ ಮೀನು ಆರಿಸಿ ಇವರಿಗೇ ತಿನ್ನಿಸಿದ್ರಂತೆ. ತಾಯಿಗೆ ಏನೂ ಆಗಲಿಲ್ಲ. ವಿಷ ಎಲ್ಲ ಹೊಟ್ಟೆಯೊಳಗಿನ ಮಗು ಕುಡೀತಂತೆ."

ನಮ್ಮ ಪಾವಗಡದ ಕಡೆಯೂ ನೀರಿನ ದೆಸೆಯಿಂದ ಹಲ್ಲು ಕಂದಾದವರು, ಬೆನ್ನು ಬಗ್ಗಿ ನೆಲ ನೋಡಿಕೊಂಡು ನಡೆಯುವವರು ಬೇಕಾದಷ್ಟು ಜನ ಇದ್ದಾರೆ. ಅವ್ವನ ಹಲ್ಲೂ ಹಾಗೇ. ಅದನ್ನು ಭೂಮಿಯೇ ಕೊಟ್ಟದ್ದು, ಯಾರನ್ನು ಬೈಯುವುದು ಎಂದು ಸುಮ್ಮನಿದ್ದೇವೆ. ಇಲ್ಲಿ ಬೈಯಲು ಜನ ಇದ್ದರು. ಬೈದು, ಕೋರ್ಟಿಗೂ ಹೋಗಿ, ಗೆದ್ದಿದ್ದರು. ಹುಡುಗಿ ಮಲಗಿಯೇ ಇದ್ದಳು.

ದೋಣಿ

ವಿಚಾರಣೆ ಬೇಗ ಮುಗಿಯಿತು. ಬಿರುಗಾಳಿಗೆ ಹಡಗು ಕೊಲ್ಲಿಯ ಬಾಯಲ್ಲಿ ನಿಂತಿತ್ತು. ಲಂಗರು ಎತ್ತುವ ಯಂತ್ರ ಕೆಟ್ಟಿತು. ನೋಡಲು ಹೋದ ಜುಂಜಣ್ಣನನ್ನು ಅಲೆ ಎಳೆದುಕೊಂಡಿತು. ಯಾರ ತಪ್ಪೂ ಇಲ್ಲ ಎಂದು ಬರೆದರು. ಕೇಳಿದ ಕಡೆ ಸಹಿ ಹಾಕಿದೆ.

ಮಣ್ಣಿನ ವಿಷಯ ಶೆಟ್ಟರು ಹೇಳಿದಾಗ ಇಂಜಿನಿಯರು ಮೊದಲು ಆಗುವುದಿಲ್ಲ ಎಂದರು. ಆಮೇಲೆ, ಹಡಗು ನಿಂತಿದ್ದ ಜಾಗದ ಕೆಸರನ್ನು ಪರೀಕ್ಷೆಗೆ ತೆಗೆಯುವುದಿದೆ, ದೋಣಿಯಲ್ಲಿ ಬನ್ನಿ, ನೋಡಬಹುದು ಎಂದರು.

ನೀರು ಕನ್ನಡಿಯ ಹಾಗಿತ್ತು. ಗುಡ್ಡದ ನೆರಳು ಬಿದ್ದಿತ್ತು. ಕೆಟ್ಟದ್ದು ಎಂದು ಹೇಳಲು ಒಂದು ಗುರುತೂ ಇರಲಿಲ್ಲ.

"ಕಡಲು ಇಷ್ಟು ಸುಮ್ಮನಿರುವುದನ್ನು ನಾನು ಕಂಡಿಲ್ಲ ಮಾರಾಯ್ರೆ" ಎಂದು ಶೆಟ್ಟರು ಪಿಸುಗುಟ್ಟಿದರು. "ಒಂದು ಹಕ್ಕಿ ಇಲ್ಲ, ಒಂದು ಮೀನಿನ ದೋಣಿ ಇಲ್ಲ. ಇದು ಕಡಲೇ ಅಲ್ಲ."

ಒಂದು ಕಡೆ ದೋಣಿ ನಿಲ್ಲಿಸಿದರು. ಇಲ್ಲೇ ಎಂದರು. ಎರಡು ದವಡೆಯ ಕಬ್ಬಿಣದ ಬಾಯಿಯೊಂದನ್ನು ಹಗ್ಗದಲ್ಲಿ ಇಳಿಸಿದರು. ಹಗ್ಗ ಇಳಿಯುತ್ತಲೇ ಹೋಯಿತು. ನಾನು ಹಗ್ಗವನ್ನೇ ನೋಡುತ್ತಿದ್ದೆ. ಅದು ನಿಂತಾಗ, ಅದರ ಇನ್ನೊಂದು ತುದಿ ನನ್ನ ತಮ್ಮನಿರುವ ನೆಲ ಮುಟ್ಟಿದೆ ಎಂದುಕೊಂಡೆ. ಎಳೆದು ತಟ್ಟೆಯ ಮೇಲೆ ಬಾಯಿ ಬಿಚ್ಚಿದರು.

ಕಪ್ಪು ಕೆಸರು. ಗಾಡಿಯ ಕೀಲೆಣ್ಣೆಯಂತೆ ನುಣ್ಣಗೆ. ಕೊಳೆತ ಮೊಟ್ಟೆಯ ವಾಸನೆ. ಕಣ್ಣಿಗೆ ಪಾದರಸ ಕಾಣುತ್ತಿರಲಿಲ್ಲ. ಬೆಳ್ಳಿಯ ಮಣಿ ಕಂಡೀತು ಎಂದು ನಾನು ತಿಳಿದಿದ್ದೆ.

ಯಾರಾದರೂ ತಡೆಯುವ ಮುಂಚೆ ನಾನು ಬಲಗೈಯನ್ನು ಅದರೊಳಗೆ ಇಳಿಸಿಬಿಟ್ಟೆ. ಹಿಡಿ ತುಂಬ ಎತ್ತಿಕೊಂಡೆ. ಇಂಜಿನಿಯರು ಕೂಗಿದರು. ಅಷ್ಟು ಮೆಲ್ಲಗೆ ಮಾತಾಡುವ ಮನುಷ್ಯ ಹಾಗೆ ಕೂಗಿದ್ದು ಕೇಳಿ ದೋಣಿಯವನೂ ಎದ್ದು ನಿಂತ. ನನ್ನ ಮಣಿಕಟ್ಟು ಹಿಡಿದು, ಬೆರಳು ಬಿಡಿಸಿ ಕೆಸರನ್ನು ತಟ್ಟೆಗೆ ಹಾಕಿಸಿದರು. ಕ್ಯಾನಿನ ನೀರು ಹುಯ್ದು, ಸೋಪು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ ತೊಳೆದರು. ತೊಳೆದ ನೀರನ್ನೂ ಚೆಲ್ಲದೆ ಡಬ್ಬಿಯಲ್ಲಿ ಹಿಡಿದಿಟ್ಟರು.

ದಂಡೆಗೆ ಬಂದ ಮೇಲೆ ಅವರು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಅದೇ ಕೆಸರನ್ನು ಒಂದು ದಪ್ಪ ಗಾಜಿನ ಬಾಟಲಿಗೆ ತುಂಬಿಸಿ, ಮುಚ್ಚಳಕ್ಕೆ ಮೇಣ ಹಾಕಿಸಿ, ನನ್ನ ಎದುರು ಬಗ್ಗಿ ಎರಡೂ ಕೈಯಲ್ಲಿ ಕೊಟ್ಟರು.

"ಕೊಡುವ ನಿಯಮ ಇಲ್ಲ, ಆದರೂ ಕೊಡ್ತೇನೆ ಅಂತಾರೆ" ಎಂದರು ಶೆಟ್ಟರು. "ಬಾಟಲಿ ಯಾವತ್ತೂ ಒಡೆಯಬಾರದು. ಬಾವಿಯಿಂದ ದೂರ ಹೂಳಬೇಕು. ಅಷ್ಟೇ. ಒಳಗಿಟ್ಟುಕೊಳ್ಳಿ. ಯಾರಾದರೂ ಕೇಳಿದರೆ ನಾನು ಹೇಳ್ತೇನೆ."

ಬಾಟಲಿಯನ್ನು ಕಂಬಳಿಯಲ್ಲಿ ಸುತ್ತಿದೆ. ಅಷ್ಟಕ್ಕೇ ತಾನೇ ನಾನು ಬಂದದ್ದು. ಆದರೆ ಹಟ್ಟಿಯ ಬಾವಿ ನೆನಪಾಯಿತು. ನಮ್ಮ ಗುದ್ದುಗಳಿರುವುದು ಹಟ್ಟಿಯ ಮೇಲಿನ ಇಳಿಜಾರಿನಲ್ಲಿ. ಅದರ ಕೆಳಗೇ ಬಾವಿ. ಕುರಿಯೂ ಜನವೂ ಕುಡಿಯುವುದು ಅದನ್ನೇ. ಅಪ್ಪನ ಗುದ್ದಿನ ಪಕ್ಕ ಬಿಟ್ಟು ಬೇರೆ ಕಡೆ ಹೂಳಲು ಅವ್ವ ಒಪ್ಪುವುದಿಲ್ಲ. ಗಾಜು ಗಾಜೇ. ಮೇಲಿನ ಕಲ್ಲು ಜರುಗಿದರೆ, ನರಿ ಕೆದರಿದರೆ, ಇನ್ನೊಂದು ಗುದ್ದು ತೆಗೆಯುವಾಗ ಹಾರೆ ತಗುಲಿದರೆ. ಬಾಟಲಿಯನ್ನು ಇಳಿಸಿದವರು ಸತ್ತ ಮೇಲೆ ಅಲ್ಲೇನಿದೆ ಎಂದು ಯಾರಿಗೆ ನೆನಪಿರುತ್ತದೆ? ಕೆಸರಿಗೆ ಮಾತ್ರ ಕೊನೆ ಇಲ್ಲ. ಆ ಬಾವಿಯ ನೀರು ಕುಡಿಯುವ ಬಸುರಿಯರು ನಮ್ಮ ಹಟ್ಟಿಯಲ್ಲಿ ಯಾವಾಗಲೂ ಒಬ್ಬರಲ್ಲ ಒಬ್ಬರು ಇರುತ್ತಾರೆ.

ಯಜಮಾನಿ ದಂಡೆಯ ಮೇಲಿನ ತನ್ನ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇಂಜಿನಿಯರು ಅವಳಿಗೆ ಹೇಳಿರಬೇಕು. ಹತ್ತಿರ ಬಂದು ಕಂಬಳಿಯ ಮೇಲೆ ಕೈ ಇಟ್ಟಳು. ತೆಗೆದುಕೊಂಡು ಹೋಗು ಎಂದಳೋ ಬೇಡ ಎಂದಳೋ ಗೊತ್ತಾಗಲಿಲ್ಲ. ಸುಮ್ಮನೆ ಕೈ ಇಟ್ಟುಕೊಂಡು ನಿಂತಳು.

ಬಾಟಲಿಯನ್ನು ಹೊರಗೆ ತೆಗೆದು ಇಂಜಿನಿಯರ ಕೈಗೆ ವಾಪಸು ಕೊಟ್ಟೆ. ಎರಡೂ ಕೈಯಲ್ಲಿ, ಅವರ ಹಾಗೇ ಬಗ್ಗಿ.

ಹಟ್ಟಿ

ಅವ್ವನಿಗೆ ಎಲ್ಲವನ್ನೂ ಹೇಳಿದೆ. ಬಾಗಿಲ ಮುಂದೆ ಕುಳಿತು ಕೇಳಿದಳು.

"ಕೈಗೆ ಕೊಟ್ಟ ಮಣ್ಣ ವಾಪಸ್ ಕೊಟ್ಟು ಬಂದ್ಯಾ?"

"ಇಸ ಕಣವ್ವ ಅದು."

"ಆ ಇಸದಾಗೇ ಬುಟ್ಟು ಬಂದೆ ಅನ್ನು, ನನ್ಮಗನ್ನ."

ಹೋಗುವಾಗ ಅವ್ವನಿಗೆ ಮಗ ಸಿಗಲಿಲ್ಲ ಎಂಬ ಒಂದೇ ಸಂಕಟ ಇತ್ತು. ನಾನು ಕಡಲು ದಾಟಿ ಹೋಗಿ ಇನ್ನೊಂದನ್ನು ತಂದುಕೊಟ್ಟೆ.

ಮಳೆಗಾಲ ಹತ್ತಿರ ಬಂದಿತ್ತು. ಗುದ್ದಿನ ಅಂಚು ಆಗಲೇ ಜರುಗುತ್ತಿತ್ತು. "ನಾನೇ ತೆಗೆಸ್ದೋನು, ನಾನೇ ಮುಚ್ಚುಸ್ತೀನಿ, ಪಾಪ ಬಂದ್ರೆ ನಂಗೇ ಬರ್ಲಿ" ಎಂದು ದೊಡ್ಡಪ್ಪ ಹಟ ಹಿಡಿದ. ಜುಂಜಣ್ಣನ ಕಂಬಳಿಯನ್ನು ಮಡಿಸಿ ಒಳಗಿಳಿಸಿದೆವು. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ನಮ್ಮದೇ ಕೆಂಪು ಮಣ್ಣು. ಅವ್ವ ಬರಲಿಲ್ಲ.

ಹಾಲು ತುಪ್ಪದ ದಿನ ದೊಡ್ಡಮ್ಮ ಎರಡು ಚೊಂಬಿನಲ್ಲಿ ಹಾಲು ಹಿಡಿದುಕೊಂಡು ಬಂದು ಕರೆದಳು.

"ಏಳಮ್ಮಿ. ನೆಂಟ್ರೆಲ್ಲ ಮುಂದಕ್ಕೋದ್ರು. ಹೆತ್ತ ತಾಯಿ ಬರ್ದಿದ್ರೆ ಹೆಂಗೆ?"

"ಕಂಬ್ಳಿಗೆ ಹಾಲು ಹುಯ್ಯಾಕೆ ನಾನು ಬರಲ್ಲ. ನೀವು ಹೋಗಿ."

ದೊಡ್ಡಮ್ಮ ಒಂದು ಚೊಂಬನ್ನು ಅವಳ ಪಕ್ಕದಲ್ಲಿಟ್ಟು, ಇನ್ನೊಂದನ್ನು ತೆಗೆದುಕೊಂಡು ಹೋದಳು. ಅವ್ವನನ್ನು ಒಬ್ಬಳನ್ನೇ ಬಿಡಲು ಮನಸ್ಸಾಗದೆ ನಾನು ಉಳಿದೆ. ಅವರೆಲ್ಲ ಕಣ್ಮರೆಯಾದ ಮೇಲೆ ಅವ್ವ ಕೇಳಿದಳು.

"ಇಸ ಅಂದ್ಯಲ್ಲ. ಅವನಿಗೆ ಉರಿ ಆಯ್ತದೇನ್ಲಾ?"

ಆ ಊರಿನಲ್ಲಿ ಅಷ್ಟು ತಿಳಿದವರಿದ್ದರು. ಇದನ್ನು ನಾನು ಯಾರನ್ನೂ ಕೇಳಿರಲಿಲ್ಲ.

"ಇಲ್ಲ ಕಣವ್ವ. ತಣ್ಣಗಿತ್ತು."

"ನಿಂಗೆಂಗೆ ಗೊತ್ತು?"

"ಮುಟ್ಟಿ ನೋಡ್ದೆ."

"ಯಾವ ಕೈಯಾಗೆ?"

ಬಲಗೈ ಚಾಚಿದೆ. ಅದನ್ನು ಸೋಪಿನಲ್ಲಿ ತೊಳೆದಿದ್ದರು ಎಂದು ಹೇಳಲಿಲ್ಲ. ಅವ್ವ ನನ್ನ ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡಿದಳು, ಬೆರಳೊಂದೊಂದನ್ನೂ ಬಿಡಿಸಿ ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಚೊಂಬನ್ನು ಎತ್ತಿಕೊಂಡು ನನ್ನ ಅಂಗೈಯ ಮೇಲೆ ಹಾಲು ಬಿಡತೊಡಗಿದಳು. ಹಾಲು ಬೆರಳ ಸಂದಿಯಿಂದ ಸೋರಿ ಅಂಗಳದ ಧೂಳಿನಲ್ಲಿ ಇಂಗಿತು. ಚೊಂಬು ಖಾಲಿಯಾದ ಮೇಲೂ ಅವ್ವ ಅದನ್ನು ಬಗ್ಗಿಸಿ ಹಿಡಿದೇ ಇದ್ದಳು.